ಸ್ಕ್ರಾಲ್ ಲಾಕ್ ಎಲ್ಲಿ ಹೋಯ್ತು?

2025ರ ಅಕ್ಟೋಬರ್ 14ರಂದು ವಿಂಡೋಸ್ 10 ನಿವೃತ್ತಿಯಾಯಿತು. 2015ರ ಜುಲೈನಲ್ಲಿ ಕೆಲಸಕ್ಕೆ ಸೇರಿದ್ದು, ಹತ್ತು ವರ್ಷದ ಸರ್ವೀಸು. ಬಿಟ್ಟಿರಲಾರೆವು ಎನ್ನುವವರಿಗಾಗಿ 2026ರ ಅಕ್ಟೋಬರ್ 13ರವರೆಗೆ ಎಕ್ಸ್‌ಟೆನ್ಷನ್ನೂ ಉಂಟು. ಅಮೆರಿಕದ ರೆಡ್ಮಂಡ್‌ನಲ್ಲಿ ಕೂತು ಮಾಡಿದ ಈ ತೀರ್ಮಾನಕ್ಕೂ ನೆಲಮಂಗಲದ ತಾಲ್ಲೂಕು ಕಚೇರಿ ಆಸುಪಾಸಿನ ಟೈಪಿಂಗ್ ಅಂಗಡಿಗಳಿಗೂ ಏನು ಸಂಬಂಧ ಎಂದು ಕೇಳುವವರು, ಕ್ರಯಪತ್ರ ಬರೆಸಲು ಅಂಥ ಅಂಗಡಿಯ ಸ್ಟೂಲಿನ ಮೇಲೆ ಒಮ್ಮೆಯೂ ಕೂತವರಲ್ಲ.

ಬೆಂಗಳೂರಿನಿಂದ ಹೊರಟ ಹೆದ್ದಾರಿ ನೆಲಮಂಗಲದಲ್ಲಿ ಕವಲೊಡೆಯುತ್ತದೆ. ಒಂದು ತುಮಕೂರಿನ ಮೇಲೆ ಪುಣೆಯ ದಾರಿ ಹಿಡಿದರೆ ಇನ್ನೊಂದು ಕುಣಿಗಲ್, ಹಾಸನ ದಾಟಿ ಮಂಗಳೂರಿಗೆ ಇಳಿಯುತ್ತದೆ. ರಸ್ತೆ ಕವಲಾದಲ್ಲಿ ಗೋಡೌನು ಏಳುತ್ತವೆ, ಗೋಡೌನು ಎದ್ದಲ್ಲಿ ಲೇಔಟು ಬೀಳುತ್ತವೆ. 2024ರ ನವೆಂಬರ್‌ನಲ್ಲಿ ಮೆಟ್ರೋ ಮಾದಾವರದವರೆಗೆ ಬಂದು ನಿಂತ ಮೇಲಂತೂ ರಾಗಿ ಹೊಲದ ಬದುವಿನಲ್ಲಿ ನಿಂತವರೂ ಚದರಡಿ ಲೆಕ್ಕದಲ್ಲೇ ಮಾತಾಡುತ್ತಾರೆ. ಭೂಮಿ ಕೈ ಬದಲಿಸಿದಷ್ಟೂ ಕಾಗದ ಬೇಕು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಬಾಡಿಗೆ ಕರಾರು, ವಂಶವೃಕ್ಷದ ಅಫಿಡವಿಟ್ಟು. ಅವನ್ನೆಲ್ಲ ಯಾರಾದರೂ ಕನ್ನಡದಲ್ಲಿ, ಬೇಗ, ಸರ್ವೆ ನಂಬರ್ ತಪ್ಪದಂತೆ ಟೈಪು ಮಾಡಿಕೊಡಬೇಕು. ಹೀಗೆ ಮಾಡುವವರ ಅನ್ನ ಇರುವುದು ಅವರ ಹತ್ತು ಬೆರಳಲ್ಲಿ. ಆ ಬೆರಳುಗಳಿಗೆ ಏನೊಂದೂ ತಿಳಿಸದೆ ರೆಡ್ಮಂಡಿನವರು ಸಿಸ್ಟಮ್ ಬದಲಿಸಿಬಿಟ್ಟರೆ?

ಅಂಥದೊಂದು ಅಂಗಡಿಯ ಯಜಮಾನರನ್ನು ಇಟ್ಟುಕೊಂಡು ಈ ಕಥೆ ಹೇಳುವುದು ಅನುಕೂಲ. ಹೆಸರು ಬೇಡ, ಕಚೇರಿ ಇರುವ ಯಾವ ಊರಲ್ಲಾದರೂ ಇಂಥವರು ಸಿಗುತ್ತಾರೆ. ವಯಸ್ಸು ಐವತ್ತು ದಾಟಿದೆ. ಬೆರಳಚ್ಚು ಕಲಿತದ್ದು ನಿಜವಾದ ಟೈಪ್‌ರೈಟರಿನಲ್ಲಿ. ಸಾಲು ಮುಗಿದಾಗ ಗಂಟೆ ಹೊಡೆಯುವ ಯಂತ್ರ. ಜೂನಿಯರ್, ಸೀನಿಯರ್ ಎರಡೂ ಪಾಸು. ಆಮೇಲೆ ಕಂಪ್ಯೂಟರ್ ಬಂತು, ವಿಂಡೋಸ್ 98 ಬಂತು, ಎಕ್ಸ್‌ಪಿ ಬಂತು. ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು ಬಾಗಿಲು ಹಾಕಿದಾಗ ಅವರು ಸುಮ್ಮನಿದ್ದರು, ಏಕೆಂದರೆ ಎಕ್ಸ್‌ಪಿಗೆ ಅದು ಗೊತ್ತಾಗಲಿಲ್ಲ. ಅಂಗಡಿಯಲ್ಲಿ ಇನ್ನೂ ಕೆಲವು ವರ್ಷ ಓಡಿತು. ಹಸಿರು ಗುಡ್ಡ, ನೀಲಿ ಆಕಾಶದ ಆ ವಾಲ್‌ಪೇಪರು ಯಾವುದೋ ದೇವರ ಕ್ಯಾಲೆಂಡರಿಗಿಂತ ಹೆಚ್ಚು ಕಾಲ ಅಂಗಡಿಯಲ್ಲಿ ಇತ್ತು.

ಈ ಸಲ ಹಾಗಾಗಲಿಲ್ಲ. ನೋಂದಣಿಯ ಕೆಲಸವೀಗ ಕಾವೇರಿ 2.0 ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ. ಬ್ರೌಸರ್ ಹಳತಾದರೆ ವ್ಯಾಪಾರವೂ ಹಳತಾಗುತ್ತದೆ. ಸಿಸ್ಟಮ್ ನೋಡಿಕೊಳ್ಳುವ ಹುಡುಗ ಬಂದು ಹಳೇ ಡೆಸ್ಕ್‌ಟಾಪಿನ ಪಕ್ಕೆ ಬಿಚ್ಚಿ, ವೈದ್ಯರ ಗಾಂಭೀರ್ಯದಲ್ಲಿ ಹೇಳಿದ: “ಅಂಕಲ್, ಇದಕ್ಕೆ ಹನ್ನೊಂದು ಹತ್ತಲ್ಲ.”

ಅವನು ಹೇಳಿದ್ದು ನಿಜ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನದಾದರೂ ಇರಬೇಕು. ಅಂದರೆ 2017ಕ್ಕಿಂತ ಹಿಂದಿನ ಯಂತ್ರ ಎಷ್ಟೇ ಗಟ್ಟಿಮುಟ್ಟಾಗಿರಲಿ, ಜಾತಕ ಕೂಡಿಬರುವುದಿಲ್ಲ. ಕೊನೆಗೆ ಒಪ್ಪಂದವಾಯಿತು. ಅಂಗಡಿಯ ಸಹಾಯಕಿಗೆ ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪು. ಯಜಮಾನರ ಹಳೇ ಡೆಸ್ಕ್‌ಟಾಪಿಗೆ ಕಾಸಿಲ್ಲದೆ ಸಿಗುವ ಲಿನಕ್ಸ್ ಮಿಂಟು. ಒಂದೇ ಅಂಗಡಿ, ಎರಡು ಸಿಸ್ಟಮು, ಇಪ್ಪತ್ತು ಬೆರಳು. ಗೊಂದಲಕ್ಕೆ ಇನ್ನೇನು ಬೇಕು?

ಹೊಸ ಸಿಸ್ಟಮಿಗೆ ಕಣ್ಣು ಒಗ್ಗುವುದು ಕಷ್ಟವಲ್ಲ. ವಿಂಡೋಸ್ 11ರಲ್ಲಿ ಎಡಮೂಲೆಯ ಸ್ಟಾರ್ಟ್ ಗುಂಡಿ ನಡುಮಧ್ಯಕ್ಕೆ ಬಂದು ಕೂತಿದೆ. ಎರಡು ದಿನ ಮೂಲೆಯಲ್ಲಿ ತಡಕಾಡಿದರೂ ಮೂರನೇ ದಿನ ಕಣ್ಣು ಅದನ್ನು ಹುಡುಕಿಕೊಳ್ಳುತ್ತದೆ. ಬೆರಳಿನ ಮಾತು ಬೇರೆ. ಗಾಡಿಯವನು ನಿದ್ದೆ ಹೋದರೂ ಎತ್ತು ತನ್ನ ಪಾಡಿಗೆ ಮನೆ ದಾರಿ ಹಿಡಿಯುವಂತೆ, ಯಜಮಾನ ಗಿರಾಕಿಯೊಡನೆ ರಾಜಕೀಯ ಮಾತಾಡುತ್ತಿದ್ದರೂ ಬೆರಳು ತಾನೇ ಕಂಟ್ರೋಲ್ ಎಸ್ ಒತ್ತಿಬಿಡುತ್ತದೆ. ಮನೆಯನ್ನೇ ಬೇರೆ ಬೀದಿಗೆ ಬದಲಾಯಿಸಿದ ಸುದ್ದಿಯನ್ನು ಎತ್ತಿಗೆ ಹೇಳುವವರು ಯಾರು?

ಬೆರಳಿನ ಈ ವಿದ್ಯೆ ಅಮೆರಿಕದ್ದು, ಐವತ್ತು ವರ್ಷದ ಹಿಂದಿನದು. 1970ರ ದಶಕದ ನಡುವಿನಲ್ಲಿ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಎಂಬಿಬ್ಬರು ‘ಜಿಪ್ಸಿ’ ಎಂಬ ಬರವಣಿಗೆಯ ಸಾಫ್ಟ್‌ವೇರ್ ಕಟ್ಟಿದರು. ಕಟ್, ಕಾಪಿ, ಪೇಸ್ಟ್ ಇವತ್ತಿನ ರೂಪ ಪಡೆದದ್ದು ಅಲ್ಲಿ. ಟೆಸ್ಲರ್ ಆಮೇಲೆ ಆಪಲ್ ಸೇರಿದರು. 1983ರ ಲೀಸಾ ಕಂಪ್ಯೂಟರಿನ ಹೊತ್ತಿಗೆ ಕೀಲಿಮಣೆಯ ಕೆಳಸಾಲಿನ ಝಡ್, ಎಕ್ಸ್, ಸಿ, ವಿ ನಾಲ್ಕೂ ಅಕ್ಕಪಕ್ಕ ಕೆಲಸಕ್ಕೆ ಕೂತವು. ಐಬಿಎಂ ಪಾಳೆಯದವರದು ಬೇರೆ ಸಂಪ್ರದಾಯ: ಕಾಪಿಗೆ ಕಂಟ್ರೋಲ್ ಇನ್ಸರ್ಟ್, ಪೇಸ್ಟಿಗೆ ಶಿಫ್ಟ್ ಇನ್ಸರ್ಟ್. 1992ರ ವಿಂಡೋಸ್ 3.1ರ ಹೊತ್ತಿಗೆ ಆಪಲ್ ಪದ್ಧತಿಯೇ ಗೆದ್ದಿತು. ಸೋತ ಐಬಿಎಂ ಕೀಲಿಗಳನ್ನು ಯಾರೂ ಕಿತ್ತುಹಾಕಲಿಲ್ಲ. ಬಹಳಷ್ಟು ಕಡೆ ಇಂದಿಗೂ ಕೆಲಸ ಮಾಡುತ್ತವೆ. 2020ರ ಫೆಬ್ರವರಿಯಲ್ಲಿ ಟೆಸ್ಲರ್ ತೀರಿಕೊಂಡಾಗ ಜಗತ್ತಿನ ಪತ್ರಿಕೆಗಳು ಆ ಸುದ್ದಿಯನ್ನು ಹಾಕಿದವು. ಅಂದು ಸಹ ನೆಲಮಂಗಲದ ಅಂಗಡಿಗಳಲ್ಲಿ ಚೆಕ್ಕುಬಂದಿಗಳು ಒಂದು ಪತ್ರದಿಂದ ಇನ್ನೊಂದಕ್ಕೆ ಕಾಪಿಯಾಗಿ ಪೇಸ್ಟಾಗುತ್ತಲೇ ಇದ್ದವು. ಇದಕ್ಕಿಂತ ದೊಡ್ಡ ಶ್ರದ್ಧಾಂಜಲಿ ಯಾರಿಗೆ ಸಿಕ್ಕೀತು!

ಕಂಟ್ರೋಲ್, ಆಲ್ಟ್, ಡಿಲೀಟ್ ಎಂಬ ತ್ರಿಮೂರ್ತಿಗಳದು ಬೇರೆ ಕಥೆ. ಐಬಿಎಂ ಪಿಸಿ 1981ರಲ್ಲಿ ತಯಾರಾಗುವಾಗ ಎಂಜಿನಿಯರ್ ಡೇವಿಡ್ ಬ್ರಾಡ್ಲಿ, ಯಂತ್ರವನ್ನು ಆರಿಸದೆ ಮತ್ತೆ ಶುರು ಮಾಡಲು ಈ ಮೂರು ಕೀಲಿ ಜೋಡಿಸಿದರು. ಅಕಸ್ಮಾತ್ತಾಗಿ ಒಂದೇ ಕೈಯಿಂದ ಒತ್ತಿ ಅನಾಹುತವಾಗಬಾರದೆಂದು ಕೀಲಿಗಳನ್ನು ಬೇಕೆಂದೇ ದೂರದೂರ ಆರಿಸಿದ್ದು. ಕಂಡುಹಿಡಿದದ್ದು ನಾನಿರಬಹುದು, ಪ್ರಸಿದ್ಧಿಗೆ ತಂದದ್ದು ಮಾತ್ರ ಬಿಲ್ ಗೇಟ್ಸ್ ಎಂದು ಬ್ರಾಡ್ಲಿ ಒಂದು ಸಭೆಯಲ್ಲಿ, ಗೇಟ್ಸರ ಎದುರಿಗೇ, ಚಟಾಕಿ ಹಾರಿಸಿದ್ದರು.

ಆದರೆ ಟೈಪಿಂಗ್ ಅಂಗಡಿಯ ಪ್ರಾಣ ಈ ಯಾವ ಕೀಲಿಯಲ್ಲೂ ಇಲ್ಲ. ಅದಿರುವುದು ಸ್ಕ್ರಾಲ್ ಲಾಕ್‌ನಲ್ಲಿ.

ಕೀಲಿಮಣೆಯ ಮೇಲ್ಸಾಲಿನ ಬಲತುದಿಯಲ್ಲಿ, ಪ್ರಿಂಟ್ ಸ್ಕ್ರೀನಿಗೂ ಪಾಸ್‌ಗೂ ನಡುವೆ ಮುದುಡಿ ಕೂತಿರುವ ಕೀಲಿ ಅದು. ಐಬಿಎಂ ಪಿಸಿಯ ಮೊದಲ ಕೀಲಿಮಣೆಯಲ್ಲೇ ಇತ್ತು. ಅದಕ್ಕೊಂದು ಸ್ವಂತ ದೀಪವೂ ಬಂತು. ಮೌಸ್ ಇಲ್ಲದ ಕಾಲದಲ್ಲಿ ಬಾಣದ ಕೀಲಿಯಿಂದ ಪರದೆಯನ್ನೇ ಸರಿಸಲು ಮಾಡಿದ್ದು. ಮೌಸ್ ಬಂದ ಮೇಲೆ ಕೆಲಸ ಹೋಯಿತು, ಹುದ್ದೆ ಉಳಿಯಿತು. ಈಗ ಅದನ್ನು ನೆನಪಿಟ್ಟಿರುವ ದೊಡ್ಡ ಸಾಫ್ಟ್‌ವೇರ್ ಎಂದರೆ ಎಕ್ಸೆಲ್. ಆ ದೀಪ ಉರಿಯುತ್ತಿದ್ದಾಗ ಎಕ್ಸೆಲ್‌ನಲ್ಲಿ ಬಾಣ ಒತ್ತಿದರೆ ಚೌಕ ಬದಲಾಗದೆ ಇಡೀ ಹಾಳೆಯೇ ಜಾರುತ್ತದೆ, ಒತ್ತಿದವರು ಕಂಪ್ಯೂಟರಿಗೆ ವೈರಸ್ ಬಂತೆಂದು ಹುಡುಗನಿಗೆ ಫೋನು ಮಾಡುತ್ತಾರೆ.

ಹೀಗೆ ಲೋಕವೆಲ್ಲ ಕೈಬಿಟ್ಟ ಕೀಲಿಗೆ ಕೆಲಸ ಕೊಟ್ಟವರು ಕನ್ನಡಿಗರು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ತಂತ್ರಾಂಶದಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಹೋಗಬೇಕೆಂದರೆ ಸ್ಕ್ರಾಲ್ ಲಾಕ್. ವಾಪಸ್ ಬರಬೇಕೆಂದರೆ ಮತ್ತೆ ಸ್ಕ್ರಾಲ್ ಲಾಕ್. ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಹೊರತಂದ ‘ಬರಹ’ದವರು ಎಫ್ 11 ಒತ್ತಿಕೊಂಡರು. ಆದರೆ ತಾಲ್ಲೂಕು ಕಚೇರಿಯ ಜಗತ್ತು ನುಡಿಯ ಜಗತ್ತು. ವಿಧಾನಸೌಧದಿಂದ ಗ್ರಾಮ ಪಂಚಾಯಿತಿವರೆಗೆ ಎಷ್ಟು ಟಿಪ್ಪಣಿ, ಎಷ್ಟು ಆದೇಶ, ಎಷ್ಟು ಜ್ಞಾಪನ ಈ ಒಂದು ಪುಟ್ಟ ಕೀಲಿಯಿಂದ ಶುರುವಾಗಿದೆಯೋ ಲೆಕ್ಕವಿಟ್ಟವರಿಲ್ಲ. ಯಜಮಾನರ ಹಳೇ ಕೀಬೋರ್ಡಿನಲ್ಲಿ ಎಲ್ಲ ಕೀಲಿಗಳೂ ಅಕ್ಷರ ಅಳಿಸಿ ಬೋಳಾಗಿದ್ದವು. ಇಂಗ್ಲಿಷ್ ಟೈಪಿಸ್ಟರ ಕೀಬೋರ್ಡಿನಲ್ಲಿ ಫಳಫಳ ಹೊಸದಾಗಿ ಉಳಿಯುವ ಸ್ಕ್ರಾಲ್ ಲಾಕ್ ಇಲ್ಲಿ ಎಲ್ಲಕ್ಕಿಂತ ಮೊದಲು ಬೋಳಾಗಿತ್ತು.

ಹೊಸ ಲ್ಯಾಪ್‌ಟಾಪಿಗೆ ನುಡಿ ಹಾಕಿದ್ದಾಯಿತು. ಯಜಮಾನರು ಉದ್ಘಾಟನೆಗೆಂದು ಕೂತರು. ಬಲಗೈ ಮಧ್ಯದ ಬೆರಳು ಮೇಲಕ್ಕೆ ಹೋಯಿತು, ಅಲ್ಲಿ ಏನೂ ಸಿಗದೆ ಗಾಳಿಯಲ್ಲೇ ನಿಂತಿತು.

“ಏನಮ್ಮಾ, ಇದರಲ್ಲಿ ಸ್ಕ್ರಾಲ್ ಲಾಕ್ ಎಲ್ಲಿ?”

“ಇಲ್ಲ ಸಾರ್.”

“ಇಲ್ಲ ಅಂದ್ರೆ? ದುಡ್ಡು ಕೊಟ್ಟಿಲ್ವಾ ನಾವು?”

ದುಡ್ಡು ಕೊಟ್ಟಿದ್ದರು. ಆದರೆ ಲ್ಯಾಪ್‌ಟಾಪು ತಯಾರಿಸುವವರು ಜಾಗ ಉಳಿಸಲು ಮೊದಲು ಮನೆಯಿಂದಾಚೆ ಹಾಕುವುದು ಇದೇ ಕೀಲಿಯನ್ನು. ಹಾಗೆಂದು ಹೊಸ ಕೀಲಿ ಸೇರಿಸುವುದಕ್ಕೆ ಅವರಿಗೆ ಜಾಗವಿಲ್ಲವೆಂದಲ್ಲ. 1994ರಲ್ಲಿ ವಿಂಡೋಸ್ ಕೀಲಿ ಬಂದು ಸ್ಪೇಸ್‌ಬಾರಿನ ಪಕ್ಕ ಸೈಟು ಹಿಡಿಯಿತು. 2024ರಲ್ಲಿ ಕೃತಕ ಬುದ್ಧಿಮತ್ತೆಗೆಂದು ಕೋಪೈಲಟ್ ಕೀಲಿ ಬಂತು. ಬುದ್ಧಿಗೊಂದು ಕೀಲಿ ಉಂಟು, ಕನ್ನಡಕ್ಕಿದ್ದ ಕೀಲಿ ಮಾಯ.

ಪರಿಹಾರಗಳಿಗೇನೂ ಬರವಿಲ್ಲ. ಲೆನೊವೊ ಥಿಂಕ್‌ಪ್ಯಾಡ್‌ಗಳಲ್ಲಿ ಎಫ್‌ಎನ್ ಜೊತೆ ಕೆ ಒತ್ತಬೇಕು. ಡೆಲ್‌ನ ಕೆಲವದರಲ್ಲಿ ಎಫ್‌ಎನ್ ಜೊತೆ ಎಸ್. ಇನ್ನು ಕೆಲವದರಲ್ಲಿ ಯಾವುದನ್ನು ಒತ್ತಿದರೂ ಇಲ್ಲ. ಆಗ ವಿಂಡೋಸ್ ಕೀಲಿ, ಕಂಟ್ರೋಲ್, ಓ ಮೂರನ್ನೂ ಒಟ್ಟಿಗೆ ಒತ್ತಿದರೆ ಪರದೆಯ ಮೇಲೆ ಕೀಲಿಮಣೆಯ ಚಿತ್ರ ಏಳುತ್ತದೆ. ಅದರಲ್ಲಿರುವ ಸ್ಕ್ರಾಲ್ ಲಾಕ್‌ನ ಮೇಲೆ ಮೌಸಿನಿಂದ ಕ್ಲಿಕ್ ಮಾಡಬಹುದು. ಒಂದು ಕೀಲಿ ಒತ್ತಲು ಮೂರು ಕೀಲಿ ಒತ್ತಿ, ಕೀಲಿಮಣೆಯ ಚಿತ್ರ ತರಿಸಿ, ಮೌಸು ಹಿಡಿದು ಕ್ಲಿಕ್ಕಿಸುವುದಕ್ಕೆ ಶಾರ್ಟ್‌ಕಟ್ ಎಂದು ಹೆಸರು. ಯಜಮಾನರು ಇದೆಲ್ಲವನ್ನೂ ತಾಳ್ಮೆಯಿಂದ ಕೇಳಿ, ಅಟ್ಟದ ಮೇಲಿದ್ದ ಹಳೇ ಯುಎಸ್‌ಬಿ ಕೀಬೋರ್ಡನ್ನು ಇಳಿಸಿ, ಧೂಳು ಕೊಡವಿ, ಲ್ಯಾಪ್‌ಟಾಪಿಗೆ ಸಿಕ್ಕಿಸಿದರು. ಲ್ಯಾಪ್‌ಟಾಪಿನ ಸ್ವಂತ ಕೀಲಿಮಣೆ ಅಂದಿನಿಂದ ಸ್ಟಾಂಪ್ ಪ್ಯಾಡು ಇಡುವ ಜಾಗವಾಯಿತು.

ಇಲ್ಲೊಂದು ಸಂಗತಿ ಹೇಳದೆ ಮುಂದೆ ಹೋಗಬಾರದು. ನುಡಿ ಎಂಬುದು ತಂತ್ರಾಂಶವಾದರೆ ಅದರೊಳಗಿನ ಕೀಲಿವಿನ್ಯಾಸದ ಹಿಂದೆ ಇರುವವರು ಕಿನ್ನಿಕಂಬಳ ಪದ್ಮನಾಭ ರಾವ್, ಎಲ್ಲರ ಬಾಯಲ್ಲಿ ಕೆ.ಪಿ. ರಾವ್. ಡಾಸ್ ಕಾಲದಲ್ಲಿ ‘ಸೇಡಿಯಾಪು’ ಎಂಬ ತಂತ್ರಾಂಶ ಮಾಡಿ ಅದನ್ನು ಪುಕ್ಕಟೆ ಹಂಚಿದವರು. ಇಂಗ್ಲಿಷಿನ 26 ಕೀಲಿಗಳ ಮೇಲೆಯೇ ಕನ್ನಡದ ಇಡೀ ವರ್ಣಮಾಲೆಯನ್ನು ಕೂರಿಸಿದ್ದು ಅವರ ಜಾಣ್ಮೆ. ಕೆ ಕೀಲಿಗೆ ಕ, ಶಿಫ್ಟ್ ಹಿಡಿದರೆ ಖ. ತ, ದ ತಮ್ಮ ಉಚ್ಚಾರದ ಜಾಗದಲ್ಲಿ ಕೂತ ಮೇಲೆ ಟ, ಡ ಎಲ್ಲಿ ಹೋಗಬೇಕು? ಕನ್ನಡಕ್ಕೆ ಬೇಡವಾದ ಕ್ಯೂ, ಡಬ್ಲ್ಯು ಖಾಲಿಯಿದ್ದವು, ಅಲ್ಲಿ ಕೂತವು. ಎಕ್ಸ್‌ಗೆ ಷ. ಎಫ್‌ಗೆ ಒತ್ತಕ್ಷರ ಮಾಡುವ ಕೆಲಸ. ಹಾಗಾಗಿ ಕೆ, ಎಫ್, ಎಕ್ಸ್ ಒತ್ತಿದರೆ ಕ್ಷ. ಕನ್ನಡ ಟೈಪಿಸ್ಟರ ಎಡಗೈ ತೋರುಬೆರಳು ದಿನವಿಡೀ ಎಫ್ ಮೇಲೆ ಕುಟ್ಟುತ್ತಲೇ ಇರುತ್ತದೆ. ಒತ್ತಿಲ್ಲದೆ ‘ಅರ್ಜಿ’ಯೂ ಇಲ್ಲ, ‘ಖಾತ್ರಿ’ಯೂ ಇಲ್ಲ, ‘ರಿಜಿಸ್ಟ್ರಾರ್’ ಅಂತೂ ಇಲ್ಲವೇ ಇಲ್ಲ. ಈ ವಿನ್ಯಾಸವನ್ನೇ ಸರ್ಕಾರ ಮಾನ್ಯ ಮಾಡಿತು. ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ ಅದು ‘ಕಗಪ’ ಆಯಿತು.

ಈಗ ಯಜಮಾನರ ಹಳೇ ಡೆಸ್ಕ್‌ಟಾಪಿನ ಕಡೆ ಬರೋಣ. ಹುಡುಗ ಪೆನ್‌ಡ್ರೈವ್ ಚುಚ್ಚಿ, ಟೀ ಕುಡಿದು ಬರುವಷ್ಟರಲ್ಲಿ ಲಿನಕ್ಸ್ ಮಿಂಟ್ ಕೂತಿತ್ತು. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು. “ಇದು ನಮ್ಮ ಹಳೇ ವಿಂಡೋಸ್ ಏಳೇ ಅಲ್ವೇನೋ!” ಎಂದು ಯಜಮಾನರು ಖುಷಿಪಟ್ಟರು. ಕಂಟ್ರೋಲ್ ಸಿ, ವಿ, ಎಕ್ಸ್, ಝಡ್, ಎಸ್, ಪಿ ಎಲ್ಲ ಇದ್ದಲ್ಲೇ ಇದ್ದವು. ಆಲ್ಟ್ ಟ್ಯಾಬ್ ಇತ್ತು. ಎಫ್ 2 ಒತ್ತಿದರೆ ಫೈಲಿನ ಹೆಸರು ಬದಲಿಸಬಹುದಿತ್ತು. ಟೆಸ್ಲರ್ ಪುಣ್ಯ ಇಲ್ಲಿಯೂ ಕಾಯುತ್ತಿತ್ತು.

ಆಮೇಲೆ ಶುರುವಾಯಿತು. ಊಟಕ್ಕೆ ಏಳುವಾಗ ಗಿರಾಕಿಗಳ ಕಾಗದ ಯಾರಿಗೂ ಕಾಣಬಾರದೆಂದು ವಿಂಡೋಸ್ ಕೀಲಿ, ಎಲ್ ಒತ್ತಿ ಪರದೆಗೆ ಬೀಗ ಹಾಕುವುದು ಅವರ ಶಿಸ್ತು. ಮಿಂಟ್‌ನಲ್ಲಿ ಹಾಗೆ ಒತ್ತಿದರೆ ಬೀಗ ಬೀಳುವ ಬದಲು ತಂತ್ರಜ್ಞರು ದೋಷ ಹುಡುಕಲು ಬಳಸುವ, ಸಾಲುಸಾಲು ಇಂಗ್ಲಿಷ್ ಕೋಡು ತುಂಬಿದ ಕಿಟಕಿಯೊಂದು ತೆರೆಯಿತು. ಬೀಗಕ್ಕೆ ಇಲ್ಲಿ ಕಂಟ್ರೋಲ್, ಆಲ್ಟ್, ಎಲ್. ಪ್ರಿಂಟರ್ ಹಟ ಹಿಡಿಯಿತೆಂದು ಟಾಸ್ಕ್ ಮ್ಯಾನೇಜರ್ ಹುಡುಕಿ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿದರೆ “ಹೊರಗೆ ಹೋಗುತ್ತೀರಾ?” ಎಂದು ಸಿಸ್ಟಮ್ ವಿನಯದಿಂದ ಕೇಳಿತು. ತಮ್ಮದೇ ಅಂಗಡಿಯಲ್ಲಿ ತಮ್ಮನ್ನೇ ಹೊರಗೆ ಹೋಗುತ್ತೀರಾ ಎಂದು ಕೇಳಿಸಿಕೊಳ್ಳುವುದು ಅವರಿಗೆ ಅದೇ ಮೊದಲು.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಎಫ್ 12. ಪತ್ರ ಬರೆಯುವವರು ಪ್ರತಿ ಕ್ರಯಪತ್ರವನ್ನೂ ಹೊಸದಾಗಿ ಬರೆಯುವುದಿಲ್ಲ. ಹಳೆಯ ಪತ್ರ ತೆರೆದು, ಎಫ್ 12 ಒತ್ತಿ ಹೊಸ ಗಿರಾಕಿಯ ಹೆಸರಲ್ಲಿ ಉಳಿಸಿ, ಹೆಸರು, ಸರ್ವೆ ನಂಬರ್, ಚೆಕ್ಕುಬಂದಿ ಬದಲಿಸುತ್ತಾರೆ. ಎಂ.ಎಸ್. ವರ್ಡ್‌ನಲ್ಲಿ ಎಫ್ 12 ಎಂದರೆ ಬೇರೆ ಹೆಸರಲ್ಲಿ ಉಳಿಸುವುದು. ಮಿಂಟ್ ಜೊತೆ ಬರುವ ಲಿಬ್ರೆ ಆಫೀಸಿನಲ್ಲಿ ಅದೇ ಕೀಲಿ ಪ್ಯಾರಾಗೆ ಕ್ರಮಸಂಖ್ಯೆ ಹಾಕುತ್ತದೆ. “ಈ ದಿನ ನೆಲಮಂಗಲದಲ್ಲಿ” ಎಂದು ಆರಂಭವಾಗುವ ಗಂಭೀರ ಸಾಲಿನ ಮುಂದೆ ‘1’ ಎಂದು ಬಂದು ಕೂತಿತು. ಮತ್ತೆ ಒತ್ತಿದರೆ ಹೋಯಿತು, ಇನ್ನೊಮ್ಮೆ ಒತ್ತಿದರೆ ಬಂತು. ಸ್ಟೂಲಿನ ಮೇಲೆ ಕೂತ ಹಿರಿಯರು ಸ್ವಲ್ಪ ಹೊತ್ತು ನೋಡಿ ಕೇಳಿದರು: “ಸ್ವಾಮಿ, ಎರಡನೇ ನಂಬರ್ ಯಾವಾಗ ಬರ್ತದೆ?”

ಸಹಾಯಕಿಯ ಕಡೆ ಸುಖವೇ ಇತ್ತೆಂದು ತಿಳಿಯಬೇಡಿ. ವಿಂಡೋಸ್ 11ರಲ್ಲಿ ಬಲಗಡೆ ಕ್ಲಿಕ್ ಮಾಡಿದರೆ ಕಟ್, ಕಾಪಿ ಪುಟಾಣಿ ಚಿತ್ರಗಳಾಗಿ ಕೂತಿವೆ. ಹಳೇ ಪಟ್ಟಿ ಬೇಕಾದರೆ ಶಿಫ್ಟ್ ಹಿಡಿದು ಎಫ್ 10. ಆದರೆ ಆಕೆಗೆ ಒಂದು ನಿಧಿಯೂ ಸಿಕ್ಕಿತು: ವಿಂಡೋಸ್ ಕೀಲಿ ಮತ್ತು ವಿ. 2018ರಿಂದ ವಿಂಡೋಸ್ 10ರಲ್ಲೂ ಇತ್ತಂತೆ. ಅಂಗಡಿಯಲ್ಲಿ ಯಾರೂ ಅದನ್ನು ಒತ್ತಿರಲಿಲ್ಲ. ಕಾಪಿ ಮಾಡಿದ ಕೊನೆಯ 25 ತುಣುಕುಗಳು ಅಲ್ಲಿ ಸಾಲಾಗಿ ನಿಂತಿರುತ್ತವೆ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಮುನಿಯಪ್ಪನವರ ಜಮೀನು, ಉತ್ತರಕ್ಕೆ ಸರ್ಕಾರಿ ಹಳ್ಳ, ದಕ್ಷಿಣಕ್ಕೆ ಉಳಿಕೆ ಸ್ವತ್ತು: ನಾಲ್ಕು ದಿಕ್ಕನ್ನೂ ಒಟ್ಟಿಗೆ ಕಾಪಿ ಮಾಡಿಟ್ಟುಕೊಂಡು ಒಂದೊಂದಾಗಿ ಇಳಿಸಬಹುದು. ಗಿರಾಕಿಗಳ ಆಧಾರ್ ನಂಬರೂ ಅದೇ ಸಾಲಿನಲ್ಲಿ ನಿಂತಿರುತ್ತದೆಂದು ಗೊತ್ತಾದಾಗ ಯಜಮಾನರು ದಿನದ ಕೊನೆಗೆ ಅದನ್ನು ಅಳಿಸಬೇಕೆಂಬ ಕಾನೂನು ತಂದರು. ಅಂಗಡಿಯಲ್ಲಿ ಹೊಸ ತಂತ್ರಜ್ಞಾನದ ಬಗ್ಗೆ ಅವರು ಹೊರಡಿಸಿದ ಏಕೈಕ ಆದೇಶ ಅದು. ಸರಿಯಾದ ಆದೇಶವೂ ಹೌದು.

ಎರಡೂ ಯಂತ್ರಗಳಲ್ಲಿ ಒಂದೇ ರೀತಿ ಕೆಲಸ ಮಾಡಿದ, ಆದ್ದರಿಂದಲೇ ಹೆಚ್ಚು ಅಪಾಯಕಾರಿಯಾದ ಜೋಡಿ ಕಂಟ್ರೋಲ್ ಎಚ್. ಒಂದು ಪದ ಹುಡುಕಿ ಎಲ್ಲೆಡೆ ಇನ್ನೊಂದು ಪದ ಹಾಕುವ ಕೀಲಿ. ಮಾರುವವರ ಹೆಸರು ರಾಮ ಇದ್ದದ್ದನ್ನು ಕೃಷ್ಣ ಮಾಡಿ ಎಂದು ಕೊಟ್ಟರೆ ಅದು ಶ್ರೀರಾಮಪುರವನ್ನು ಶ್ರೀಕೃಷ್ಣಪುರ ಮಾಡುತ್ತದೆ, ರಾಮಯ್ಯನವರನ್ನು ಕೃಷ್ಣಯ್ಯ ಮಾಡುತ್ತದೆ, ರಾಮನಗರವನ್ನೂ ಬಿಡುವುದಿಲ್ಲ. ರಾಮನಗರದ ಮಟ್ಟಿಗೆ ಕಂಪ್ಯೂಟರನ್ನು ಮಾತ್ರ ಬೈಯುವಂತಿಲ್ಲ. 2025ರಲ್ಲಿ ಆ ಜಿಲ್ಲೆಯನ್ನು ಸರ್ಕಾರವೇ ಬೆಂಗಳೂರು ದಕ್ಷಿಣ ಎಂದು ರೀಪ್ಲೇಸ್ ಮಾಡಿತು. ಅದೇ ವರ್ಷ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ನೆಲಮಂಗಲ ಸೇರಿರುವ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ತೀರ್ಮಾನಿಸಿತು. 1986ರಲ್ಲಿ ಹುಟ್ಟಿದ ಜಿಲ್ಲೆ. ಅಂದಿನಿಂದ ‘ಗ್ರಾಮಾಂತರ’ ಎಂಬ ಪದ ಎಷ್ಟು ಲಕ್ಷ ಪತ್ರಗಳಲ್ಲಿ ಕೂತಿದೆಯೋ! ಸುದ್ದಿ ಬಂದ ದಿನ ಊರಿನವರು ಪರ ವಿರೋಧ ಚರ್ಚೆ ಮಾಡುತ್ತಿದ್ದರೆ, ಟೈಪಿಂಗ್ ಅಂಗಡಿಯವರ ಬೆರಳು ಆಗಲೇ ಕಂಟ್ರೋಲ್ ಎಚ್ ಮೇಲೆ ತುರಿಸುತ್ತಿತ್ತು.

ಹಳೇ ಪತ್ರಗಳನ್ನು ಮಿಂಟ್‌ನಲ್ಲಿ ತೆರೆದಾಗ ನಿಜವಾದ ಆಘಾತ ಕಾದಿತ್ತು. ನುಡಿಯ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಮತ್ತಿತರ ಚಿಹ್ನೆಗಳ ಜಾಗದಲ್ಲಿ ವೇಷ ಹಾಕಿ ಕೂತಿರುತ್ತವೆ. ಫಾಂಟ್ ಇಲ್ಲದ ಯಂತ್ರದಲ್ಲಿ ವೇಷ ಕಳಚುತ್ತದೆ. ಪ್ರತಿ ನ ಅಕ್ಷರ ಇದ್ದಲ್ಲಿ ಬ್ರಿಟಿಷರ ಪೌಂಡ್ ಚಿಹ್ನೆ. ಲ ಇದ್ದಲ್ಲಿ ವೃತ್ತದೊಳಗೆ ಆರ್ ಬರೆದ ನೋಂದಾಯಿತ ಟ್ರೇಡ್‌ಮಾರ್ಕಿನ ಗುರುತು. ಹಾಗಾಗಿ ‘ನೆಲಮಂಗಲ’ ಎಂಬ ಊರಿನ ಹೆಸರು ಪೌಂಡಿನಿಂದ ಆರಂಭವಾಗಿ, ನಡುವೆ ಒಮ್ಮೆ, ಕೊನೆಗೊಮ್ಮೆ ರಿಜಿಸ್ಟರ್ ಆಗಿ ನಿಂತಿತು. ಇಲ್ಲಿನ ಜಮೀನಿನ ಬೆಲೆ, ನೋಂದಣಿ ಕಚೇರಿಯ ಸಾಲು ನೋಡಿದವರಿಗೆ ಕಂಪ್ಯೂಟರ್ ಹೇಳಿದ್ದು ಸುಳ್ಳೆನಿಸುವುದಿಲ್ಲ. ಹುಡುಗ ಫಾಂಟು ಹಾಕಿಕೊಟ್ಟ. ಹಳೇ ಪತ್ರಗಳನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕವನ್ನೂ ತೋರಿಸಿದ. ಒಮ್ಮೆ ಯೂನಿಕೋಡ್ ಆದರೆ ಕನ್ನಡ ಯಾವ ಸಿಸ್ಟಮಿನಲ್ಲೂ ಕನ್ನಡವಾಗಿಯೇ ಕಾಣುತ್ತದೆ. ಇದನ್ನು ಇಪ್ಪತ್ತು ವರ್ಷ ಮೊದಲೇ ಮಾಡಬಹುದಿತ್ತು ಎಂಬುದು ಬೇರೆ ಮಾತು. ಕಚೇರಿಗಳು ಕೇಳುವ ಫಾಂಟಿನಲ್ಲೇ ಅಂಗಡಿ ಟೈಪು ಮಾಡಬೇಕು, ಅಂಗಡಿ ಕೊಡುವ ಫಾಂಟಿನಲ್ಲೇ ಕಚೇರಿ ತೆಗೆದುಕೊಳ್ಳಬೇಕು. ಮೊದಲು ಬದಲಾಗುವುದು ಯಾರ ಜವಾಬ್ದಾರಿ ಎಂಬ ಕಡತ ಇನ್ನೂ ಮೇಜಿನಿಂದ ಮೇಜಿಗೆ ಹೋಗುತ್ತಿದೆ.

ಶಾರ್ಟ್‌ಕಟ್ಟುಗಳ ವಿಷಯದಲ್ಲಿ ಕರ್ನಾಟಕದ ಯುವಕರು ಪಂಡಿತರು. ಸರ್ಕಾರಿ ನೌಕರರಿಗೆ 2012ರ ನಿಯಮದಂತೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಕಡ್ಡಾಯ. ಎಫ್‌ಡಿಎ, ಎಸ್‌ಡಿಎ ಗೈಡುಗಳಲ್ಲಿ ಕಂಟ್ರೋಲ್ ಎ ಇಂದ ಝಡ್‌ವರೆಗಿನ ಪಟ್ಟಿ ಮಗ್ಗಿಯ ಸಾಲಿಗೇ ಸೇರಿದೆ. ಕಂಟ್ರೋಲ್ ಇ ಒತ್ತಿದರೆ ಸಾಲು ನಡುವಿಗೆ ಬರುತ್ತದೆ ಎಂದು ನಿದ್ದೆಯಲ್ಲೂ ಹೇಳುವ, ಆದರೆ ಒಮ್ಮೆಯೂ ಒತ್ತಿ ನೋಡದ ಅಭ್ಯರ್ಥಿಗಳು ತಾಲ್ಲೂಕಿಗೆ ನೂರು ಮಂದಿ ಸಿಕ್ಕಾರು. ಯಜಮಾನರದು ಇದಕ್ಕೆ ತಿರುಗುಮುರುಗು. ಕಂಟ್ರೋಲ್ ಇ ಏನು ಮಾಡುತ್ತದೆ ಎಂದು ಕೇಳಿದರೆ ತಿಳಿಯದು. ‘ಶುದ್ಧ ಕ್ರಯಪತ್ರ’ ಎಂಬ ತಲೆಬರಹ ಬಂದ ಕೂಡಲೇ ಬೆರಳು ಒತ್ತಿ ಮುಗಿಸಿರುತ್ತದೆ. ಪರೀಕ್ಷೆ ಬರೆದರೆ ನಪಾಸಾಗುವುದು ಅವರೇ.

ಗಡಿ ದಾಟಿದರೆ ಚಿತ್ರ ಬೇರೆ. ಕೇರಳದ ಸರ್ಕಾರಿ ಶಾಲೆಗಳು ಬಹಳ ವರ್ಷಗಳ ಹಿಂದೆಯೇ ಲಿನಕ್ಸಿಗೆ ಹೋದವು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಂಪ್ಯೂಟರ್ ಪಾಠ ಕಲಿಯುತ್ತಾರೆ. ಯಜಮಾನರು ಐವತ್ತು ದಾಟಿ ಗುದ್ದಾಡುತ್ತಿರುವ ಕೀಲಿಗಳು ಮಂಜೇಶ್ವರದ ಹೈಸ್ಕೂಲು ಮಕ್ಕಳಿಗೆ ನೀರು ಕುಡಿದಷ್ಟು ಸಲೀಸು. ಆ ಮಕ್ಕಳ ಮುಂದೆ ವಿಂಡೋಸ್ ಇಟ್ಟರೆ ತಮಗೆ ರೂಢಿಯಾದ ಕೀಲಿ ಒತ್ತಿ, ಇದೇಕೆ ಕೆಲಸ ಮಾಡುವುದಿಲ್ಲ ಎಂದು ಅವರೂ ತಲೆ ಕೆರೆದುಕೊಂಡಾರು.

ಇಷ್ಟೆಲ್ಲ ಆದರೂ ಯಜಮಾನರು ಮಿಂಟ್‌ನಲ್ಲಿ ಕನ್ನಡ ಟೈಪು ಮಾಡಲು ಕೂತಿರಲೇ ಇಲ್ಲ. ನುಡಿ ವಿಂಡೋಸಿಗೆಂದು ಬರೆದದ್ದು, ಇಲ್ಲಿ ಎಲ್ಲಿಂದ ಬರಬೇಕು ಎಂದು ಇಂಗ್ಲಿಷ್ ಕರಾರುಗಳನ್ನಷ್ಟೇ ಅದರಲ್ಲಿ ಟೈಪು ಮಾಡುತ್ತಿದ್ದರು. ಸಂಜೆ ಹುಡುಗ ಬಂದು ಕೀಬೋರ್ಡ್ ಸೆಟ್ಟಿಂಗ್ ತೆರೆದು ಕನ್ನಡ ಹುಡುಕಿದ. ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದಿತ್ತು: ಕಗಪ.

“ಇದು ನಮ್ದೇ ಅಲ್ವೇನೋ?”

“ನಿಮ್ದೇ ಅಂಕಲ್. ಫಾರಿನ್‌ನೋರು ಹಾಕವ್ರೆ.”

ಯಾರು ಹಾಕಿದರೆಂದು ಅವನಿಗೂ ಖಾತ್ರಿಯಿರಲಿಲ್ಲ, ಆದರೆ ವಿಷಯ ಸುಳ್ಳಲ್ಲ. ಲಿನಕ್ಸ್ ಡೆಸ್ಕ್‌ಟಾಪುಗಳೆಲ್ಲ ಹಂಚಿಕೊಳ್ಳುವ ಕೀಲಿವಿನ್ಯಾಸಗಳ ಭಂಡಾರದಲ್ಲಿ ಕಗಪ ಸೇರಿದೆ. ಕನ್ನಡಕ್ಕೆ ಮಾತ್ರವಲ್ಲ, ಅದೇ ಹೆಸರಿನಲ್ಲಿ ತೆಲುಗು, ಹಿಂದಿ, ಮರಾಠಿ, ಸಂಸ್ಕೃತಕ್ಕೂ ಉಂಟು. ಯಜಮಾನರು ಕೆ, ಎಫ್, ಎಕ್ಸ್ ಒತ್ತಿ ನೋಡಿದರು. ಕ್ಷ ಬಂತು. ನುಡಿಗೂ ಇದಕ್ಕೂ ಅಲ್ಲಿಷ್ಟು ಇಲ್ಲಿಷ್ಟು ವ್ಯತ್ಯಾಸವಿತ್ತು, ಬೆರಳು ಅದಕ್ಕೆ ಗೊಣಗುತ್ತಲೇ ಒಪ್ಪಿತು.

ಉಳಿದದ್ದು ಒಂದೇ ಪ್ರಶ್ನೆ. ಇಂಗ್ಲಿಷಿನಿಂದ ಕನ್ನಡಕ್ಕೆ ಹೋಗಲು ಯಾವ ಕೀಲಿ? ಹುಡುಗ ಆಯ್ಕೆಗಳ ಉದ್ದ ಪಟ್ಟಿ ಬಿಚ್ಚಿದ. ಕ್ಯಾಪ್ಸ್ ಲಾಕ್, ಆಲ್ಟ್ ಶಿಫ್ಟ್, ಎರಡೂ ಕಂಟ್ರೋಲ್ ಒಟ್ಟಿಗೆ, ಎಡ ವಿಂಡೋಸ್, ಬಲ ವಿಂಡೋಸ್... ಕೆಳಗೆ ಕೆಳಗೆ ಹೋದಂತೆ ಯಜಮಾನರು ಕನ್ನಡಕ ಮೇಲಕ್ಕೆ ಏರಿಸಿಕೊಂಡು ಪರದೆಗೆ ಮುಖ ಒಡ್ಡಿದರು.

“ನಿಲ್ಸು, ನಿಲ್ಸು! ಅಲ್ಲಿ ಅದೇ ಅಲ್ವಾ?”

ಅದೇ. ಸ್ಕ್ರಾಲ್ ಲಾಕ್, ಪಕ್ಕದಲ್ಲಿ ಖಾಲಿ ಚೌಕ. ಟಿಕ್ ಹಾಕಿದ್ದಾಯಿತು. ನುಡಿಯೇ ಇಲ್ಲದ ಸಿಸ್ಟಮಿನಲ್ಲಿ ನುಡಿಯ ಕೀಲಿ ಎಂದಿನಂತೆ ದುಡಿಯಲು ಶುರು ಮಾಡಿತು. ಟಿಪಿಎಂ ಚಿಪ್ಪು ಇಲ್ಲವೆಂದು ವಿಂಡೋಸ್ ಬಾಗಿಲಲ್ಲೇ ತಡೆದ ಯಂತ್ರ ಅಂದು ಸಂಜೆ ಎರಡು ವಿಭಾಗಪತ್ರ, ಒಂದು ಬಾಡಿಗೆ ಕರಾರು ಮುಗಿಸಿತು.

ಸುದ್ದಿ ಅಕ್ಕಪಕ್ಕದ ಅಂಗಡಿಗಳಿಗೆ ತಲುಪಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಾರನೇ ದಿನವೇ ಎದುರಿನ ಜೆರಾಕ್ಸ್ ಅಂಗಡಿಯವರು ಬಂದು ನಿಂತರು.

“ಅಣ್ಣಾ, ನಮ್ಮ ಹಳೇ ಸಿಸ್ಟಮಿಗೂ ಅದನ್ನೇ ಹಾಕಿಸ್ಬಿಡಿ. ಆ ಟಿಕ್ ಹಾಕೋಕೆ ಎಷ್ಟು ಕೊಡ್ಲಿ?”

“ದುಡ್ಡು ಬ್ಯಾಡ,” ಎಂದರು ಯಜಮಾನರು. “ನಿಮ್ಮ ಹತ್ರ ಹಳೇ ಕೀಬೋರ್ಡ್ ಎಷ್ಟಿದ್ರೂ ತಂದ್ಕೊಡಿ. ಬೇರೆ ಕೀಲಿ ಕಿತ್ತೋಗಿದ್ರೂ ಚಿಂತೆ ಇಲ್ಲ.”